ಓದಿದ್ದೇನೆ, ಅರ್ಥವಾಗಿದೆ

ಬೆಳಿಗ್ಗೆ ಏಳೂಕಾಲಿಗೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಹೆಂಗಸೊಬ್ಬಳ ಎರಡೂ ಕೈ ಸುಟ್ಟವು. ಬೆಂಕಿಯಿಂದಲ್ಲ, ಬ್ಲೀಚಿನಿಂದ.

ತೊಟ್ಟಿಗೆ ಕೈ ಹಾಕಿದಾಗ ಅದು ಮೊದಲು ಸೋಪಿನ ನೀರಿನಂತೆ ಜಾರಿತು. ಹೊಸ ಕ್ಯಾನು, ಮಾಲು ಚೆನ್ನಾಗಿದೆ ಎಂದುಕೊಂಡಳು. ಆಪರೇಷನ್ ಥಿಯೇಟರಿನಿಂದ ಬಂದ ಹಸಿರು ಬಟ್ಟೆಯ ಮೇಲೆ ಹೆಪ್ಪುಗಟ್ಟಿದ್ದ ರಕ್ತವನ್ನು ಉಜ್ಜಿದಳು. ಎರಡನೆಯ ಬಟ್ಟೆಗೆ ಬೆರಳ ಸಂದು ಉರಿಯಿತು. ಉರಿ ಹೊಸದಲ್ಲ. ಆ ಕೆಲಸದಲ್ಲಿ ಕೈ ಯಾವಾಗಲೂ ಸ್ವಲ್ಪ ಉರಿಯುತ್ತಲೇ ಇರುತ್ತದೆ. ಮೂರನೆಯ ಬಟ್ಟೆಗೆ ಕಿರುಚಿದಳು. ಪಕ್ಕದ ತೊಟ್ಟಿಗೆ ಇನ್ನೂ ನೀರು ತುಂಬಿಸುತ್ತಿದ್ದ ಅತ್ತಿಗೆ ಓಡಿ ಬಂದು ಅವಳ ಕೈಗಳನ್ನು ನಲ್ಲಿಯ ಕೆಳಗೆ ಹಿಡಿದಳು. ನೀರಿನ ಜೊತೆ ಅಂಗೈಯ ಚರ್ಮ ಬೆಳ್ಳಗೆ ಎದ್ದು ಬಂತು.

ಅತ್ತಿಗೆ ಎಂದರೆ ಸುಟ್ಟವಳ ಅಣ್ಣನ ಹೆಂಡತಿ. ಇಬ್ಬರೂ ಒಂದೇ ಮನೆಯವರು, ಒಂದೇ ಬಸ್ಸಿನಲ್ಲಿ ಕೆಲಸಕ್ಕೆ ಬರುವವರು. ನಾದಿನಿ ದಿನವಿಡೀ ‘ಅತ್ತಿಗೆ, ಅತ್ತಿಗೆ’ ಎಂದು ಕೂಗುವುದನ್ನು ಕೇಳಿ ಒಗೆಯುವ ವಿಭಾಗದವರೆಲ್ಲ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವರಿಗೂ ಅವಳು ಅತ್ತಿಗೆ.

ತುರ್ತು ಚಿಕಿತ್ಸೆಯ ಕೋಣೆ ಎರಡು ಮಹಡಿ ಮೇಲಿತ್ತು. ಒಗೆಯುವವರು ಜನರ ಲಿಫ್ಟ್ ಹತ್ತುವಂತಿಲ್ಲ. ಸರಕಿನ ಲಿಫ್ಟಿನಲ್ಲಿ ಹೋಗಬೇಕು. ಆ ಹೊತ್ತಿನಲ್ಲಿ ಅದರ ತುಂಬ ವಾರ್ಡುಗಳಿಂದ ಬಂದ ಕೊಳೆ ಬಟ್ಟೆಯ ಗಂಟುಗಳಿದ್ದವು. ಅತ್ತಿಗೆ ಅವನ್ನು ಒದ್ದು ಒಂದು ಮೂಲೆ ಬಿಡಿಸಿಕೊಂಡು ನಾದಿನಿಯನ್ನು ಮೇಲೆ ಕರೆದುಕೊಂಡು ಹೋದಳು.

ವೈದ್ಯರು ನೋಡಿದರು. ಈ ವಾರದೊಳಗೆ ಬೇರೆ ಕಡೆಯ ಚರ್ಮ ತೆಗೆದು ಕೈಗೆ ಹಚ್ಚದಿದ್ದರೆ ಬೆರಳುಗಳು ಮಡಚಿಕೊಂಡು ಹಾಗೇ ಅಂಟಿಬಿಡುತ್ತವೆ ಎಂದರು. ಆಪರೇಷನ್ ಇದೇ ಆಸ್ಪತ್ರೆಯಲ್ಲಿ ಆಗುತ್ತದೆ, ಆದರೆ ಅದರ ಖರ್ಚಿಗೆ ಒಗೆಯುವ ಗುತ್ತಿಗೆ ಹಿಡಿದ ಕಂಪನಿ ಇದನ್ನು ಕೆಲಸದ ಮೇಲಿನ ಗಾಯ ಎಂದು ಬರೆದುಕೊಡಬೇಕು ಎಂದರು. ಅತ್ತಿಗೆಗೆ ಇದರಲ್ಲಿ ಕಷ್ಟವೇನೂ ಕಾಣಲಿಲ್ಲ. ಗಾಯ ಕೆಲಸದ ಮೇಲೇ ಆಗಿತ್ತು.

ಮಧ್ಯಾಹ್ನದ ಹೊತ್ತಿಗೆ ಕಂಪನಿ ಬರೆದುಕೊಟ್ಟಿತು. ‘ನೌಕರಳ ನಿರ್ಲಕ್ಷ್ಯ. ಹೊಸ ಬ್ಲೀಚಿನ ಬಗ್ಗೆ ಹಿಂದಿನ ದಿನವೇ ಲಿಖಿತ ಸೂಚನೆ ಕಳುಹಿಸಲಾಗಿತ್ತು. ಅದನ್ನು ಓದಿ ಅರ್ಥ ಮಾಡಿಕೊಂಡಿದ್ದಾಗಿ ನೌಕರಳು ಬೆಳಿಗ್ಗೆ ಆರು ಐವತ್ತೈದಕ್ಕೆ ದೃಢಪಡಿಸಿದ್ದಾಳೆ. ಆದ್ದರಿಂದ ಚಿಕಿತ್ಸೆಯ ಹೊಣೆ ಕಂಪನಿಯದಲ್ಲ. ಸೂಚನೆ ಉಲ್ಲಂಘಿಸಿದ್ದಕ್ಕೆ ಕೆಲಸದಿಂದ ಕೈಬಿಡಲಾಗುವುದು.’

ಇದರಲ್ಲಿ ಸುಳ್ಳೆನ್ನುವ ವಾಕ್ಯ ಯಾವುದೂ ಇರಲಿಲ್ಲ.

ಒಂದು ವರ್ಷದ ಹಿಂದಿನವರೆಗೂ ಸೂಚನೆಗಳು ಕಪ್ಪು ಹಲಗೆಯ ಮೇಲೆ ಬರುತ್ತಿದ್ದವು. ಮೇಲ್ವಿಚಾರಕ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಹೆಂಗಸರು ಬಟ್ಟೆ ಹಿಂಡುತ್ತಲೇ ಓದುತ್ತಿದ್ದರು. ಆಮೇಲೆ ಕಂಪನಿ ಒಂದು ಸಾಫ್ಟ್‌ವೇರ್ ಕೊಂಡಿತು. ಪಾಳಿ, ರಜೆ, ಸೂಚನೆ, ದೂರು ಎಲ್ಲವೂ ಅದರಿಂದಲೇ ನಡೆಯಬೇಕು ಎಂದಾಯಿತು. ಒಬ್ಬ ಬಂದು ಒಂದೇ ಮಧ್ಯಾಹ್ನದಲ್ಲಿ ಎಲ್ಲರ ಫೋನಿನಲ್ಲೂ ಇಮೇಲ್ ವಿಳಾಸ ಮಾಡಿಕೊಟ್ಟು ಹೋದ. ಹಲಗೆಯನ್ನು ಕಿತ್ತು, ಕಾಗದ ಉಳಿಸಿದ್ದಕ್ಕೆ ಕಂಪನಿಗೆ ಬಂದ ಪ್ರಶಸ್ತಿಯ ಫೋಟೊವನ್ನು ಆ ಮೊಳೆಗೇ ನೇತುಹಾಕಿದರು. ಸೀಮೆಸುಣ್ಣ ಕಾಗದವಲ್ಲ ಎಂಬ ಮಾತನ್ನು ಯಾರೂ ಎತ್ತಲಿಲ್ಲ.

ಸೂಚನೆಗಳು ನೌಕರರ ಭಾಷೆಯಲ್ಲಿರಬೇಕು ಎಂದು ಕಾನೂನು ಹೇಳುತ್ತದೆ. ಕಂಪನಿ ಕಾನೂನು ಪಾಲಿಸುತ್ತಿತ್ತು. ಮೇಲಿನ ಆಫೀಸಿನಲ್ಲಿ ಟೈಪಿಸ್ಟ್ ಒಬ್ಬಳು ಹೆಂಗಸರ ಭಾಷೆಯಲ್ಲೇ, ಅದರ ಲಿಪಿಯಲ್ಲೇ ಟೈಪ್ ಮಾಡುತ್ತಿದ್ದಳು. ಅವಳ ಪರದೆಯ ಮೇಲೆ ಅಕ್ಷರಗಳು ದುಂಡಗೆ ಕಾಣುತ್ತಿದ್ದವು. ಅವಳು ಕಳುಹಿಸು ಎನ್ನುತ್ತಿದ್ದಳು. ಆಫೀಸಿನಿಂದ ನೆಲಮಾಳಿಗೆಗೆ ಬರುವಷ್ಟರಲ್ಲಿ ಸಾಫ್ಟ್‌ವೇರ್ ಆ ಲಿಪಿಯ ಒಂದೊಂದು ಗುರುತನ್ನೂ ಕಿತ್ತುಹಾಕಿ ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಡುತ್ತಿತ್ತು. ಅಂಕಿಗಳಿಗೆ ಏನೂ ಆಗುತ್ತಿರಲಿಲ್ಲ. ಅಲ್ಪವಿರಾಮ, ಪೂರ್ಣವಿರಾಮಗಳೂ ಕ್ಷೇಮವಾಗಿ ಬಂದು ಸೇರುತ್ತಿದ್ದವು. ಹೆಂಗಸರ ಫೋನಿನಲ್ಲಿ ಹೀಗೆ ಕಾಣುತ್ತಿತ್ತು:

????????? ????? 7:30 ?????, ????? 3 ?????????.

ಪ್ರತಿ ಮೇಲಿನ ಕೆಳಗೂ ಹಸಿರು ಗುಂಡಿಯೊಂದಿತ್ತು. ಅದರ ಮೇಲೆ ಇಂಗ್ಲಿಷಿನಲ್ಲಿ ‘ಓದಿದ್ದೇನೆ, ಅರ್ಥವಾಗಿದೆ’ ಎಂದಿತ್ತು. ಅದು ಇಂಗ್ಲಿಷಿನಲ್ಲಿದ್ದುದರಿಂದ ಕೆಟ್ಟಿರಲಿಲ್ಲ. ಆ ಗುಂಡಿ ಒತ್ತದೆ ಅಂದಿನ ಹಾಜರಿ ತೆರೆಯುತ್ತಿರಲಿಲ್ಲ. ಹಾಜರಿ ತೆರೆಯದೆ ನೆಲಮಾಳಿಗೆಯ ಬಾಗಿಲು ತೆರೆಯುತ್ತಿರಲಿಲ್ಲ.

ಮೊದಲ ವಾರ ಎಲ್ಲರೂ ಮೇಲ್ವಿಚಾರಕನಿಗೆ ದೂರಿದರು. ಅವನು ಯಾರು ಏನು ಹೇಳಿದರೂ ‘ಆಯ್ತಾಯ್ತು’ ಎನ್ನುವವನು. ಅವನ ಹೆಸರೇ ಆಯ್ತಾಯ್ತು. ಮೇಲೆ ಹೇಳುತ್ತೇನೆ, ಆಯ್ತಾಯ್ತು ಎಂದ. ಅವನ ಫೋನಿಗೂ ಅದೇ ಚಿಹ್ನೆಗಳು ಬರುತ್ತಿದ್ದವು. ಮೇಲ್ವಿಚಾರಕನಾಗಿ ತನಗೂ ಅರ್ಥವಾಗುತ್ತಿಲ್ಲ ಎನ್ನುವುದಕ್ಕೆ ಅವನಿಗೆ ನಾಚಿಕೆ. ಅವನೂ ದಿನಾ ಗುಂಡಿ ಒತ್ತಿ ಒಳಗೆ ಬರುತ್ತಿದ್ದ.

ದೂರಿಗೂ ಸಾಫ್ಟ್‌ವೇರಿನಲ್ಲಿ ಒಂದು ಪುಟವಿತ್ತು. ನಾದಿನಿ ಹತ್ತನೇ ಇಯತ್ತೆ ಪಾಸಾದವಳು, ಅಕ್ಷರ ಚೆಂದ, ಮನೆಯಲ್ಲಿ ಅಣ್ಣನ ಮಕ್ಕಳಿಗೆ ಪಾಠ ಹೇಳುವವಳು ಅವಳೇ. ಅವಳು ಎಲ್ಲರ ಪರವಾಗಿ ದೂರು ಬರೆದಳು. ಎರಡು ದಿನಕ್ಕೆ ಉತ್ತರ ಬಂತು. ಉತ್ತರ ಹೀಗಿತ್ತು: ???? ??????????. ಕೆಳಗೆ ಹಸಿರು ಗುಂಡಿ. ಮತ್ತೆ ನಾಲ್ಕು ಸಲ ಬರೆದಳು, ಅದೇ ಉತ್ತರ ಬಂತು.

ಆಮೇಲೆ ಹೆಂಗಸರು ದೂರುವುದನ್ನು ಬಿಟ್ಟು ಓದುವುದನ್ನು ಕಲಿತರು. ಕಲಿಸಿದವಳು ಬಾಯಾಳಿ. ಇಸ್ತ್ರಿ ಯಂತ್ರದ ಹತ್ತಿರ ಕೆಲಸ ಮಾಡುವ ಅವಳ ಬಾಯಿಗೆ ಹೆದರಿ ಆಯ್ತಾಯ್ತು ಆ ಕಡೆ ಸುಳಿಯುತ್ತಿರಲಿಲ್ಲ. ಪ್ರಶ್ನಾರ್ಥಕ ಚಿಹ್ನೆಗೆ ಅವಳು ಕೊಕ್ಕೆ ಎಂದು ಹೆಸರಿಟ್ಟಳು. ಕೊಕ್ಕೆಗಳ ನಡುವೆ ಗಂಟೆ ನಿಮಿಷ ಕಂಡರೆ ಪಾಳಿ ಬದಲಾಗಿದೆ ಎಂದರ್ಥ. ಒಂಟಿ ಅಂಕಿ ಕಂಡರೆ ವಾರ್ಡಿನ ಸಂಖ್ಯೆ. ಅಂಕಿಯೇ ಇಲ್ಲದೆ ಎರಡು ಸಾಲು ಕೊಕ್ಕೆ ಇದ್ದರೆ ಯಾರದೋ ರಜೆ ಕೊಟ್ಟಿಲ್ಲ. ಉದ್ದಕ್ಕೆ ಕೊಕ್ಕೆಗಳಿದ್ದು ನಡುನಡುವೆ ಉದ್ಗಾರ ಚಿಹ್ನೆ ಇದ್ದರೆ, ಅದಕ್ಕೆ ಅವಳಿಟ್ಟ ಹೆಸರು ಕೋಲು, ಬೈಗುಳ. ತಡವಾಗಿ ಬರಬೇಡಿ, ಸೋಪು ಕದಿಯಬೇಡಿ, ಮಾತಾಡಿಕೊಂಡು ನಿಲ್ಲಬೇಡಿ.

“ಕೋಲು ಕಂಡ್ರೆ ಒತ್ತಿ ಮುಂದೆ ಹೋಗ್ರೇ. ಬೈಗುಳ ಯಾವ ಭಾಷೇಲಿದ್ರೂ ಬೈಗುಳಾನೇ,” ಎಂದಿದ್ದಳು.

ಈ ಲೆಕ್ಕ ಒಂದು ವರ್ಷ ತಪ್ಪಲಿಲ್ಲ. ಆಫೀಸಿನವರು ಬೈಯುವಾಗಲ್ಲದೆ ಇನ್ನಾವುದಕ್ಕೂ ಉದ್ಗಾರ ಚಿಹ್ನೆ ಖರ್ಚು ಮಾಡುತ್ತಿರಲಿಲ್ಲ.

ಹಿಂದಿನ ದಿನ ಸಂಜೆ ನಾಲ್ಕಕ್ಕೆ ಬಂದ ಮೇಲ್ ಉದ್ದವಾಗಿತ್ತು. ಅದರಲ್ಲಿ ಆರು ಕೋಲುಗಳಿದ್ದವು. ಬಸ್ಸಿನಲ್ಲಿ ಬಾಯಾಳಿ ಅದನ್ನು ನೋಡಿ, ಇವತ್ತು ಯಾರೋ ಮಾಲೀಕನ ಕೈಲಿ ಚೆನ್ನಾಗಿ ಉಗಿಸಿಕೊಂಡು ಬಂದು ನಮ್ಮ ಮೇಲೆ ತೀರಿಸಿಕೊಂಡಿದ್ದಾರೆ ಎಂದಳು. ಎಲ್ಲರೂ ನಕ್ಕರು. ಬೆಳಿಗ್ಗೆ ಬಾಗಿಲ ಮುಂದೆ ಗುಂಡಿ ಒತ್ತಿ ಒಳಗೆ ಹೋದರು.

ಆ ಮೇಲಿನಲ್ಲಿ ಇದ್ದದ್ದು ಇದು. ನಾಳೆಯಿಂದ ಬೇರೆ ಬ್ಲೀಚ್ ಬರುತ್ತದೆ. ಇದು ಹಳೆಯದಕ್ಕಿಂತ ಬಹಳ ತೀಕ್ಷ್ಣ. ಹತ್ತು ಪಾಲು ನೀರು ಬೆರೆಸದೆ ತೊಟ್ಟಿಗೆ ಸುರಿಯಬೇಡಿ. ಬರಿಗೈಯಲ್ಲಿ ಮುಟ್ಟಬೇಡಿ. ಗ್ಲೌಸ್ ಬಂದಿವೆ, ಸ್ಟೋರಿನಿಂದ ಪಡೆಯಿರಿ.

ಗ್ಲೌಸ್ ನಿಜವಾಗಿಯೂ ಬಂದಿದ್ದವು. ಸ್ಟೋರಿನಲ್ಲಿ ಬೀಗದೊಳಗಿದ್ದವು. ಬೀಗದ ಕೈ ಆಯ್ತಾಯ್ತುವಿನ ಜೇಬಿನಲ್ಲಿತ್ತು. ಆರು ಕೋಲು ಕಂಡು ಅವನೂ ಒತ್ತಿ ಮುಂದೆ ಹೋಗಿದ್ದ. ಹಳೆಯ ಬ್ಲೀಚನ್ನು ಕ್ಯಾನಿನಿಂದ ನೇರ ತೊಟ್ಟಿಗೆ ಸುರಿಯುವುದು ರೂಢಿ. ಹೊಸ ಕ್ಯಾನಿನ ಮೇಲೆ ಕೈಗೆ ಹನಿ ಬೀಳುತ್ತಿರುವ ಚಿತ್ರವೊಂದಿತ್ತು. ಹಳೆಯ ಕ್ಯಾನಿನ ಮೇಲೂ ಅದೇ ಚಿತ್ರವಿತ್ತು.

ಮರುದಿನ ಅತ್ತಿಗೆ ಆಫೀಸಿಗೆ ಹೋದಳು. ಸಿಬ್ಬಂದಿ ಅಧಿಕಾರಿ ಮೆಲುದನಿಯ ಹೆಂಗಸು. ಕೂರಲು ಹೇಳಿದರು. ಅತ್ತಿಗೆಯ ಸೀರೆ ಒದ್ದೆಯಿತ್ತು, ಕುರ್ಚಿಗೆ ಬಟ್ಟೆ ಹೊದಿಸಿತ್ತು. ಅಧಿಕಾರಿ ಕುರ್ಚಿಯನ್ನೂ ಸೀರೆಯನ್ನೂ ನೋಡಿ ಎರಡನೆಯ ಸಲ ಹೇಳಲಿಲ್ಲ. ಅತ್ತಿಗೆ ನಿಂತೇ ಮಾತಾಡಿದಳು.

ಅಧಿಕಾರಿ ಕಂಪ್ಯೂಟರನ್ನು ತಿರುಗಿಸಿ ತೋರಿಸಿದರು. ಪರದೆಯ ಮೇಲೆ ಮೇಲ್ ಸ್ಪಷ್ಟವಾಗಿತ್ತು. ಅತ್ತಿಗೆ ಅದನ್ನು ಪೂರ್ತಿ ಓದಿದಳು. ಹತ್ತು ಪಾಲು ನೀರು ಎಂಬಲ್ಲಿ ಬೆರಳಿಟ್ಟು ಇನ್ನೊಮ್ಮೆ ಓದಿದಳು. ನಾದಿನಿಯ ಎರಡು ಕೈಗಳ ಬೆಲೆಯ ವಿಷಯ ಅಲ್ಲಿ ಒಳ್ಳೆಯ ಭಾಷೆಯಲ್ಲಿ ಬರೆದಿತ್ತು. ಆಮೇಲೆ ಅವಳು ತನ್ನ ಫೋನು ತೆಗೆದು ಪರದೆಯ ಪಕ್ಕದಲ್ಲಿ ಹಿಡಿದಳು.

“ಇದು ನಿಮ್ಮ ಫೋನಿನ ತೊಂದರೆ ಇರ್ಬಹುದು,” ಎಂದರು ಅಧಿಕಾರಿ.

“ಇಪ್ಪತ್ತಾರು ಜನರ ಫೋನಿಗೂ ಒಂದೇ ರೋಗಾನಾ ಮೇಡಂ? ಮಗ ಇದರಲ್ಲೇ ಊರಿನ ಸುದ್ದಿ ಎಲ್ಲ ಓದ್ತಾನೆ. ಅವೆಲ್ಲ ಸರಿಯಾಗೇ ಬರುತ್ತೆ. ನಿಮ್ಮದು ಮಾತ್ರ ಹೀಗೆ ಬರುತ್ತೆ.”

ಅಧಿಕಾರಿ ಸಾಫ್ಟ್‌ವೇರಿನ ಇಂಜಿನಿಯರನ್ನು ಕರೆಸಿದರು. ಅವನು ಫೋನು ನೋಡಿದ ಕೂಡಲೇ ನಕ್ಕ, ಆಮೇಲೆ ಅತ್ತಿಗೆಯ ಮುಖ ನೋಡಿ ನಗು ನಿಲ್ಲಿಸಿದ. ಕಾರಣವನ್ನು ಸರಳವಾಗಿಯೇ ಹೇಳಿದ. ಮೇಲ್ ಕಳಿಸುವಾಗ ಇದು ಯಾವ ಲಿಪಿಯದ್ದು ಎಂದು ಗುರುತು ಹಾಕಿ ಕಳಿಸಬೇಕು. ಈ ಸಾಫ್ಟ್‌ವೇರ್ ಎಲ್ಲವನ್ನೂ ಇಂಗ್ಲಿಷ್ ಎಂದುಕೊಂಡು ಕಳಿಸುತ್ತದೆ. ಇಂಗ್ಲಿಷಿನಲ್ಲಿಲ್ಲದ ಅಕ್ಷರ ಸಿಕ್ಕರೆ ಗೊತ್ತಿಲ್ಲ ಎಂದು ಕೊಕ್ಕೆ ಹಾಕುತ್ತದೆ. ಸರಿ ಮಾಡಲು ಎಷ್ಟು ಹೊತ್ತು ಬೇಕು ಎಂದು ಅತ್ತಿಗೆ ಕೇಳಿದಳು. ಈಗ ಕೂತರೆ ಊಟದ ಹೊತ್ತಿಗೆ ಮುಗಿಯುತ್ತದೆ ಎಂದ.

“ಮತ್ತೆ ಒಂದು ವರ್ಷದಿಂದ ಯಾಕೆ ಮಾಡ್ಲಿಲ್ಲಪ್ಪ?”

“ಯಾರೂ ಕಂಪ್ಲೇಂಟ್ ಮಾಡಿಲ್ಲ ಅಮ್ಮ.”

ಅತ್ತಿಗೆ ದೂರಿನ ಪುಟ ತೆರೆಯಲು ಹೇಳಿದಳು. ತೆರೆದ. ನೆಲಮಾಳಿಗೆಯಿಂದ ಬಂದ ದೂರುಗಳು ಒಂದರ ಕೆಳಗೊಂದು ಇದ್ದವು. ಎಲ್ಲವೂ ಕೊಕ್ಕೆ. ಪ್ರತಿಯೊಂದರ ಎದುರೂ ‘ವಿಷಯ ಸ್ಪಷ್ಟವಿಲ್ಲ, ಮುಕ್ತಾಯಗೊಳಿಸಲಾಗಿದೆ’ ಎಂದು ಬರೆದಿತ್ತು. ಬರೆದವರು ಅಲ್ಲೇ ಕುಳಿತಿದ್ದರು. ಬಾಕಿ ದೂರು ಒಂದೂ ಇಲ್ಲದ ಶಾಖೆ ಎಂದು ಅವರಿಗೆ ಕಂಪನಿ ಕೊಟ್ಟ ಹಿತ್ತಾಳೆಯ ಫಲಕ ಮೇಜಿನ ಮೇಲಿತ್ತು.

ಇಂಜಿನಿಯರ್ ಈಗಲೇ ಸರಿ ಮಾಡಿಬಿಡುತ್ತೇನೆ ಎಂದ. ಅಧಿಕಾರಿ ಬೇಡ ಎಂದರು. ಈ ಪ್ರಕರಣ ಮುಗಿಯುವವರೆಗೆ ಯಾವುದನ್ನೂ ಮುಟ್ಟಬಾರದು ಎಂದರು. ಅವರ ತರ್ಕದಲ್ಲಿ ತಪ್ಪಿರಲಿಲ್ಲ. ಇವತ್ತು ಸರಿ ಮಾಡಿದರೆ ನಿನ್ನೆ ಕೆಟ್ಟಿತ್ತು ಎಂದಾಗುತ್ತದೆ.

“ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ,” ಎಂದು ಅತ್ತಿಗೆಗೆ ಹೇಳಿದರು. “ಆದ್ರೆ ಅವಳು ಒತ್ತಿದಾಳಲ್ಲ?”

ಅತ್ತಿಗೆ ಕೆಳಗೆ ಬಂದಳು. ಅವಳೂ ಒತ್ತಿದ್ದಳು.

ಆ ಮಧ್ಯಾಹ್ನವೇ ಅಧಿಕಾರಿ ಆಯ್ತಾಯ್ತುವನ್ನು ಕರೆದುಕೊಂಡು ವಾರ್ಡಿಗೆ ಬಂದರು. ಕೈಯಲ್ಲಿ ಒಂದು ಕಾಗದವಿತ್ತು. ಆಯ್ತಾಯ್ತುವಿನ ಕೈಯಲ್ಲಿ ಶಾಯಿಯ ಡಬ್ಬಿಯಿತ್ತು. ನಾದಿನಿ ದಿಂಬಿಗೆ ಒರಗಿ ಕುಳಿತಿದ್ದಳು. ಎರಡೂ ಕೈಗೆ ಬೆರಳು ಕಾಣದಂತೆ ಬ್ಯಾಂಡೇಜು. ನಿನ್ನೆಯಿಂದ ಮೂಗು ತುರಿಸಿದರೂ ಇನ್ನೊಬ್ಬರನ್ನು ಕರೆಯಬೇಕಾಗಿತ್ತು. ಕಕ್ಕಸಿಗೆ ಹೋದಾಗ ಅತ್ತಿಗೆ ತೊಳೆಯುತ್ತಿದ್ದಳು.

ಕಂಪನಿಗೆ ಹೃದಯವಿದೆ, ಮಾನವೀಯ ನೆಲೆಯಲ್ಲಿ ಒಂದು ದಾರಿ ಹುಡುಕಿದ್ದೇವೆ ಎಂದು ಅಧಿಕಾರಿ ಹೇಳಿದರು. ಈ ಹೇಳಿಕೆಗೆ ಹೆಬ್ಬೆಟ್ಟು ಒತ್ತಿದರೆ ಆಪರೇಷನ್ನಿಗೆ ಒಪ್ಪಿಗೆ ಕೊಡುತ್ತೇವೆ. ಕೆಲಸದ ವಿಷಯವನ್ನು ಮುಂದೆ ನೋಡೋಣ.

ನಾದಿನಿ ಕಾಗದವನ್ನು ಹಿಡಿಯಲು ಹೇಳಿದಳು. ಅತ್ತಿಗೆ ಅವಳ ಮುಖದ ಮುಂದೆ ಹಿಡಿದಳು. ನಾದಿನಿ ಗಟ್ಟಿಯಾಗಿ ಓದಿದಳು. ಅಕ್ಕಪಕ್ಕದ ಮಂಚದವರಿಗೂ ಕೇಳಿಸಿತು.

“ನಾನು ಓದುಬರಹ ಬಾರದ ಹೆಂಗಸು. ಕಂಪನಿ ಕಳುಹಿಸಿದ ಸೂಚನೆಯನ್ನು ಓದಲು ನನಗೆ ಸಾಧ್ಯವಾಗಲಿಲ್ಲ. ಈ ವಿಷಯವನ್ನು ಕಂಪನಿಯಿಂದ ಮುಚ್ಚಿಟ್ಟಿದ್ದಕ್ಕೆ ಕ್ಷಮೆ ಕೋರುತ್ತೇನೆ.”

ಒಂದೇ ಉಸಿರಿಗೆ ಓದಿದಳು. ಎಲ್ಲೂ ತಡವರಿಸಲಿಲ್ಲ. ಪಕ್ಕದ ಮಂಚದ ಮುದುಕಿ ಕತ್ತೆತ್ತಿ ಅಧಿಕಾರಿಯನ್ನು ನೋಡಿದಳು. ಸಾಫ್ಟ್‌ವೇರಿಗೆ ಓದು ಬಾರದು ಎಂದು ಮಾಲೀಕರ ಮುಂದೆ ಒಪ್ಪುವುದಕ್ಕಿಂತ ಹೆಂಗಸಿಗೆ ಓದು ಬಾರದು ಎಂದು ಒಪ್ಪಿಸುವುದು ಅಧಿಕಾರಿಗೆ ಸುಲಭವಾಗಿ ಕಂಡಿತ್ತು.

“ಎಷ್ಟು ಚೆನ್ನಾಗಿ ಬಂದಿದೆ ಮೇಡಂ,” ಎಂದಳು ನಾದಿನಿ. “ಒಂದು ಅಕ್ಷರಾನೂ ಕೆಟ್ಟಿಲ್ಲ. ನನಗೆ ಓದೋಕೆ ಬರಲ್ಲ ಅನ್ನೋ ಕಾಗದ ಮಾತ್ರ ಓದೋ ಹಾಗೆ ಬರುತ್ತೆ ನಿಮ್ಮಲ್ಲಿ.”

ಇದು ಕೇವಲ ಒಂದು ಕ್ರಮ, ಇದರಿಂದ ನಿನಗೇ ಒಳ್ಳೆಯದು ಎಂದರು ಅಧಿಕಾರಿ. ಆಗ ಅವರಿಗೆ ಬ್ಯಾಂಡೇಜು ಕಂಡಿತು. ಹೆಬ್ಬೆಟ್ಟು ಎಲ್ಲಿದೆ ಎಂದು ಹುಡುಕಿದರು. ಆಯ್ತಾಯ್ತು ಡಬ್ಬಿಯ ಮುಚ್ಚಳ ತೆಗೆದು ಕಾಲಿನ ಹೆಬ್ಬೆಟ್ಟೂ ನಡೆಯುತ್ತದೆ ಎಂದು ಮೆಲ್ಲಗೆ ಸೂಚಿಸಿದ. ಅಧಿಕಾರಿ ಆಗಲಿ ಎನ್ನುವಂತೆ ತಲೆಯಾಡಿಸಿದರು. ಆಯ್ತಾಯ್ತು ಹೊದಿಕೆಯ ತುದಿಯನ್ನು ಎತ್ತಿದ.

ನಾದಿನಿ ಕಾಲು ಮಡಚಿಕೊಂಡಳು.

“ಹಾಕಲ್ಲ.”

ವಾರದೊಳಗೆ ಆಪರೇಷನ್ ಆಗದಿದ್ದರೆ ಏನಾಗುತ್ತದೆ ಗೊತ್ತಲ್ಲ ಎಂದು ಅಧಿಕಾರಿ ನೆನಪಿಸಿದರು.

“ಗೊತ್ತು. ಬೆರಳು ಅಂಟ್ಕೊಳ್ಳುತ್ತೆ. ಅಂಟ್ಕೊಳ್ಳಲಿ. ಇದಕ್ಕೆ ನಾನು ಕೈಯೂ ಹಾಕಲ್ಲ, ಕಾಲೂ ಹಾಕಲ್ಲ. ಅತ್ತಿಗೆ, ಆ ಕಾಗದ ಅವರಿಗೆ ಕೊಡು. ಹೊದಿಕೆ ಸರಿ ಮಾಡು.”

ಅಧಿಕಾರಿ ಹೋದ ಮೇಲೆ ನಾದಿನಿ ಅತ್ತಳು. ಕಣ್ಣು ಒರೆಸಿಕೊಳ್ಳಲು ಆಗದೆ ಇನ್ನಷ್ಟು ಸಿಟ್ಟು ಬಂತು. ಅತ್ತಿಗೆ ಸೆರಗಿನಿಂದ ಒರೆಸಿದಳು. ಹಾಗೆ ಒರೆಸುತ್ತಲೇ, ನಾಳೆ ನಾನೂ ಒತ್ತುವುದಿಲ್ಲ ಎಂದಳು.

ಅಂದು ಸಂಜೆ ಹೆಂಗಸರು ಪಾಳಿ ಮುಗಿದ ಮೇಲೂ ಒಂದು ಗಂಟೆ ನಿಂತು ಹೆರಿಗೆ ವಾರ್ಡಿನ ಮತ್ತು ತುರ್ತು ಚಿಕಿತ್ಸೆಯ ಬಟ್ಟೆಯಷ್ಟನ್ನೂ ಒಗೆದು, ಇಸ್ತ್ರಿ ಮಾಡಿ ಮೇಲೆ ಕಳಿಸಿದರು. ಹಾಗೆ ಮಾಡಲು ಹೇಳಿದವಳು ಅತ್ತಿಗೆ. ಉಳಿದ ಗಂಟುಗಳನ್ನು ಮುಟ್ಟಲಿಲ್ಲ.

ಬೆಳಿಗ್ಗೆ ಆರೂವರೆಗೆ ಎಲ್ಲರ ಫೋನಿಗೂ ಮೇಲ್ ಬಂತು. ಪಾಳಿಯದ್ದು. ಯಾರೂ ಗುಂಡಿ ಒತ್ತಲಿಲ್ಲ. ನೆಲಮಾಳಿಗೆಯ ಬಾಗಿಲ ಮುಂದೆ, ಟ್ರಾಲಿಗಳು ಬರುವ ಇಳಿಜಾರಿನಲ್ಲಿ, ಸಾಲಾಗಿ ಕುಳಿತರು. ಘೋಷಣೆ ಕೂಗಲಿಲ್ಲ. ಬಾವುಟ ಇರಲಿಲ್ಲ. ಆಯ್ತಾಯ್ತು ಬಂದು ಒಳಗೆ ನಡೆಯಿರಿ ಎಂದ. ಬಾಗಿಲು ತೆಗೆಯಲಿ, ಹೋಗುತ್ತೇವೆ ಎಂದರು. ಒತ್ತಿದರೆ ತೆಗೆಯುತ್ತದೆ ಎಂದ. ಅದರಲ್ಲಿ ಅರ್ಥವಾಗಿದೆ ಎಂದು ಬರೆದಿದೆಯಲ್ಲ, ನಮಗೆ ಅರ್ಥವಾಗಿಲ್ಲ ಎಂದರು. ಮುಷ್ಕರವೇ ಎಂದು ಕೇಳಿದ. ಅಲ್ಲ ಎಂದರು.

“ನಿನಗೆ ಅರ್ಥ ಆಗಿದ್ರೆ ನೀನೇ ಓದಿ ಹೇಳಪ್ಪ,” ಎಂದಳು ಬಾಯಾಳಿ. “ನಿನ್ನ ಫೋನೂ ತೆಗಿ. ನೋಡೋಣ, ನಿನಗೇನು ಬೇರೆ ಅಕ್ಷರ ಬಂದಿದೆಯಾ ಅಂತ.”

ಆಯ್ತಾಯ್ತು ಫೋನು ತೆಗೆದ. ಸ್ವಲ್ಪ ಹೊತ್ತು ನೋಡಿದ. ಜೇಬಿಗೆ ಹಾಕಿಕೊಂಡು, ಅಂದು ಮೊದಲ ಬಾರಿಗೆ ಆಯ್ತಾಯ್ತು ಎನ್ನದೆ, ಸಾಲಿನ ತುದಿಯಲ್ಲಿ ನಿಂತ. ಕುಳಿತುಕೊಳ್ಳಲಿಲ್ಲ.

ಎಂಟು ಗಂಟೆಗೆ ಸರಕಿನ ಲಿಫ್ಟಿನಲ್ಲಿ ಗಂಟುಗಳು ತುಂಬಿ ಬಾಗಿಲು ಮುಚ್ಚದಾಯಿತು. ಒಂಬತ್ತಕ್ಕೆ ವಾಸನೆ ಮೊದಲ ಮಹಡಿಗೆ ಏರಿತು. ಆ ವಾಸನೆ ಹೆಂಗಸರಿಗೆ ಪರಿಚಿತ. ಮೇಲಿನವರಿಗೆ ಅದು ತಮ್ಮ ಆಸ್ಪತ್ರೆಯದೇ ಎಂದು ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ಒಂಬತ್ತೂವರೆಗೆ ಮತ್ತೊಂದು ಮೇಲ್ ಬಂತು. ಬಹಳ ಉದ್ದವಿತ್ತು. ಬಾಯಾಳಿ ಎದ್ದು ನಿಂತು ಅದನ್ನು ಭಾಷಣದಂತೆ ಓದಿದಳು. ಕೊಕ್ಕೆ ಕೊಕ್ಕೆ ಕೊಕ್ಕೆ, ಕೋಲು. ಕೊಕ್ಕೆ ಕೊಕ್ಕೆ, ಹತ್ತು, ಕೊಕ್ಕೆ ಕೊಕ್ಕೆ, ಕೋಲು ಕೋಲು. ಎರಡು ದಿನದಲ್ಲಿ ಮೊದಲ ಸಲ ಅತ್ತಿಗೆ ನಕ್ಕಳು.

ಹತ್ತು ಇಪ್ಪತ್ತಕ್ಕೆ ಕಂಪನಿಯ ವ್ಯವಸ್ಥಾಪಕರು ಕೆಳಗೆ ಬಂದರು. ಗುತ್ತಿಗೆ ಸಿಕ್ಕಿದ ದಿನ ರಿಬ್ಬನ್ ಕತ್ತರಿಸಿದ ಮೇಲೆ ಅವರು ಅಲ್ಲಿಗೆ ಬಂದದ್ದು ಅದೇ ಮೊದಲು. ಹಿಂದೆ ಸಿಬ್ಬಂದಿ ಅಧಿಕಾರಿ ಇದ್ದರು. ವ್ಯವಸ್ಥಾಪಕರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡೇ ಮಾತಾಡಿದರು. ನಿಮ್ಮದೇ ಭಾಷೆಯಲ್ಲಿ, ಅದು ನನ್ನ ಭಾಷೆಯೂ ಹೌದು, ಸ್ಪಷ್ಟವಾಗಿ ಬರೆಸಿ ಕಳಿಸಿದ್ದೇನೆ, ಇನ್ನೇನು ಬೇಕು ಎಂದರು.

“ಬಂದಿದೆ ಸಾರ್,” ಎಂದಳು ಅತ್ತಿಗೆ. “ಓದಿ ಹೇಳಿ. ಅರ್ಥ ಆದ್ರೆ ಒತ್ತಿ ಒಳಗೆ ಹೋಗ್ತೀವಿ.”

ವ್ಯವಸ್ಥಾಪಕರು ತಮ್ಮ ಫೋನು ತೆಗೆದರು. ಎಲ್ಲರಿಗೂ ಕಳಿಸುವಾಗ ನನಗೂ ಒಂದು ಪ್ರತಿ ಇರಲಿ ಎಂದು ಅವರೇ ಹೇಳಿದ್ದರು. ಕನ್ನಡಕ ಏರಿಸಿದರು. ಗಂಟಲು ಸರಿ ಮಾಡಿಕೊಂಡರು. ಓದಲಿಲ್ಲ. ಬೆರಳಿನಿಂದ ಮೇಲೆ ಎಳೆದರು, ಕೆಳಗೆ ಎಳೆದರು. ಫೋನನ್ನು ಅಡ್ಡ ಹಿಡಿದು ನೋಡಿದರು. ಸಿಬ್ಬಂದಿ ಅಧಿಕಾರಿ ತಮ್ಮ ಚಪ್ಪಲಿಯನ್ನು ನೋಡುತ್ತಿದ್ದರು. ಇಪ್ಪತ್ತೈದು ಹೆಂಗಸರು ಕಾದರು. ಅವರಿಗೆ ಅವಸರವಿರಲಿಲ್ಲ.

“ಇದೇನ್ರೀ ಇದು?” ಎಂದು ವ್ಯವಸ್ಥಾಪಕರು ಅಧಿಕಾರಿಯನ್ನು ಕೇಳಿದರು.

“ಅದೇ ಸಾರ್ ನಾವೂ ಕೇಳ್ತಿರೋದು,” ಎಂದಳು ಅತ್ತಿಗೆ.

ಅವರು ಟೈಪಿಸ್ಟಿಗೆ ಫೋನು ಮಾಡಿ, ನಾನೇನು ಬರೆಸಿದ್ದೆ ಓದು ಎಂದರು. ಕೈಯಲ್ಲಿ ಕರವಸ್ತ್ರವಿದ್ದುದರಿಂದ ಫೋನನ್ನು ಕಿವಿಗಿಡದೆ ಸ್ಪೀಕರಿಗೆ ಹಾಕಿದ್ದರು. ಟೈಪಿಸ್ಟ್ ಚೆನ್ನಾಗಿ ಓದಿದಳು. ಬೆಳಿಗ್ಗೆ ಹತ್ತು ಗಂಟೆಯೊಳಗೆ ಕೆಲಸಕ್ಕೆ ಹಾಜರಾಗದವರು ತಾವಾಗಿಯೇ ಕೆಲಸ ಬಿಟ್ಟಂತೆ ಎಂದು ಪರಿಗಣಿಸಲಾಗುವುದು. ಅವಳ ದನಿ ಇಳಿಜಾರಿನ ಗೋಡೆಗೆ ತಾಗಿ ಎರಡು ಸಲ ಕೇಳಿಸಿತು.

“ಹಾಗಾದ್ರೆ ನಾವು ಕೆಲಸ ಬಿಟ್ಟು ಇಪ್ಪತ್ತು ನಿಮಿಷದ ಮೇಲಾಯ್ತು,” ಎಂದಳು ಬಾಯಾಳಿ. “ಈಗ ಯಾರನ್ನ ಒಳಗೆ ಕರೀತಿದೀರಿ ಸಾರ್?”

ಅಷ್ಟರಲ್ಲಿ ಆಪರೇಷನ್ ಥಿಯೇಟರಿನ ಮುಖ್ಯ ನರ್ಸ್ ಖಾಲಿ ಟ್ರಾಲಿ ತಳ್ಳಿಕೊಂಡು ಬಂದಳು. ಹಸಿರು ಬಟ್ಟೆ ಎಲ್ಲಿ ಎಂದು ಕೇಳಿದಳು. ಒಗೆದಿಲ್ಲ ಎಂದರು ಹೆಂಗಸರು. ಎರಡು ಆಪರೇಷನ್ ಮುಂದೆ ಹಾಕಿಯಾಗಿದೆ, ಮೂರನೆಯ ರೋಗಿಗೆ ಅರಿವಳಿಕೆಯ ಇಂಜೆಕ್ಷನ್ ಕೊಡುವುದೋ ಬೇಡವೋ ಎಂದು ಸರ್ಜನ್ನರು ಕೇಳುತ್ತಿದ್ದಾರೆ, ಯಾರು ಉತ್ತರ ಹೇಳುತ್ತೀರಿ ಎಂದಳು. ಕೆಳಗೆ ಕುಳಿತ ಹೆಂಗಸರನ್ನೂ, ಕರವಸ್ತ್ರ ಹಿಡಿದವರನ್ನೂ ನೋಡಿದಳು. ವಿಷಯ ಕೇಳಿದಳು. ಎರಡು ದಿನದ ಹಿಂದೆ ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಆ ಸುಟ್ಟ ಕೈಗಳನ್ನು ತೊಳೆದವಳು ನಾನೇ ಎಂದಳು. ಆಮೇಲೆ ವ್ಯವಸ್ಥಾಪಕರ ಎದುರೇ ಆಸ್ಪತ್ರೆಯ ಮುಖ್ಯಸ್ಥರಿಗೆ ಫೋನು ಮಾಡಿದಳು.

ಮುಖ್ಯಸ್ಥರು ಏನು ಹೇಳಿದರೋ ಹೆಂಗಸರಿಗೆ ಕೇಳಿಸಲಿಲ್ಲ. ವ್ಯವಸ್ಥಾಪಕರಿಗೆ ಕೇಳಿಸಿತು. ಅವರು ಮೂಗಿನಿಂದ ಕರವಸ್ತ್ರ ತೆಗೆದರು. ಏನು ಬೇಕು ಎಂದು ಅತ್ತಿಗೆಯನ್ನು ಕೇಳಿದರು.

ಅತ್ತಿಗೆ ಹೇಳಿದ್ದು ಎರಡೇ. ನಾದಿನಿಯ ಗಾಯ ಕೆಲಸದ ಮೇಲೆ ಆದದ್ದು, ತಪ್ಪು ಕಂಪನಿಯದು, ಚಿಕಿತ್ಸೆಯೂ ಕೆಲಸವೂ ಅವಳಿಗೆ ಸಿಗಬೇಕು, ಹಾಗೆಂದು ಬರೆದುಕೊಡಿ. ಮತ್ತು ನೀವೇ ಬರೆಯಿರಿ. ಇಲ್ಲೇ. ಪೆನ್ನಿನಲ್ಲಿ.

ಮೇಲ್ ಮಾಡಿಸುತ್ತೇನೆ ಎಂದರು ವ್ಯವ‌ಸ್ಥಾಪಕರು. ಯಾರೋ ನಕ್ಕರು. ಅವರಿಗೂ ತಾವು ಹೇಳಿದ್ದು ಕೇಳಿಸಿತು. ಕಾಗದ ಯಾರಲ್ಲೂ ಇರಲಿಲ್ಲ. ಕೊನೆಗೆ ಮುಖ್ಯ ನರ್ಸ್ ಟ್ರಾಲಿಯ ಮೇಲಿನ ಪಟ್ಟಿಯಿಂದ ಒಂದು ಹಾಳೆ ಹರಿದುಕೊಟ್ಟಳು. ವ್ಯವಸ್ಥಾಪಕರು ಟ್ರಾಲಿಯ ಮೇಲೆ ಬಾಗಿ, ಕಾಲೇಜು ಬಿಟ್ಟ ಮೇಲೆ ಕೈಯಲ್ಲಿ ಬರೆಯದ ಭಾಷೆಯಲ್ಲಿ ಆರು ಸಾಲು ಬರೆದರು. ಅತ್ತಿಗೆ ಅದನ್ನು ಗಟ್ಟಿಯಾಗಿ ಓದಿದಳು. ತಪ್ಪು ಎಂಬ ಮಾತು ಇರಲಿಲ್ಲ. ಅಚಾತುರ್ಯ ಎಂದಿತ್ತು. ಹಾಳೆಯನ್ನು ಅವರ ಮುಂದೆ ಮತ್ತೆ ಇಟ್ಟಳು. ಹೊಡೆದು ತಪ್ಪು ಎಂದು ಬರೆದರು. ಸಹಿ ಮಾಡಿದರು.

ಗುಂಡಿಯನ್ನು ಆಗಲೂ ಯಾರೂ ಒತ್ತಲಿಲ್ಲ. ಇಂಜಿನಿಯರ್ ಮೇಲಿನಿಂದಲೇ ಬಾಗಿಲು ತೆಗೆದ. ಆಯ್ತಾಯ್ತು ಸ್ಟೋರಿನ ಬೀಗ ತೆಗೆದು ಗ್ಲೌಸ್ ಹಂಚಿದ. ಹನ್ನೊಂದೂಕಾಲಿಗೆ ಯಂತ್ರಗಳು ಶುರುವಾದವು.

ನಾದಿನಿಯ ಆಪರೇಷನ್ ನಾಲ್ಕನೆಯ ದಿನ ಆಯಿತು. ತೊಡೆಯ ಚರ್ಮ ತೆಗೆದು ಕೈಗೆ ಹಚ್ಚಿದರು. ಎಡಗೈಯ ಬೆರಳುಗಳು ಆಡುತ್ತವೆ. ಬಲಗೈಯ ಎರಡು ಬೆರಳು ಪೂರ್ತಿ ಮಡಚಲು ಬರುವುದಿಲ್ಲ, ಅಭ್ಯಾಸ ಮಾಡಿದರೆ ಸ್ವಲ್ಪ ಬರಬಹುದು ಎಂದಿದ್ದಾರೆ.

ಆಪರೇಷನ್ನಿನ ಮರುದಿನ ಇಂಜಿನಿಯರ್ ಸಾಫ್ಟ್‌ವೇರನ್ನು ಸರಿ ಮಾಡಿದ. ಅವನು ಹೇಳಿದಂತೆ ಊಟದ ಹೊತ್ತಿಗೆ ಮುಗಿಯಿತು. ಸಂಜೆ ನಾಲ್ಕಕ್ಕೆ ಇಪ್ಪತ್ತಾರು ಫೋನುಗಳಿಗೂ ಮೇಲ್ ಬಂತು. ಒಂದೂ ಕೊಕ್ಕೆ ಇರಲಿಲ್ಲ. ಬಸ್ಸಿನಲ್ಲಿ ಎಲ್ಲರೂ ಅದನ್ನು ಓದಿದರು. ಸೂಚನೆಗಳನ್ನು ಓದಿ ದೃಢಪಡಿಸಲು ನಿರಾಕರಿಸಿದ್ದಕ್ಕೆ ಮತ್ತು ಇತರರನ್ನು ಪ್ರಚೋದಿಸಿದ್ದಕ್ಕೆ ಒಗೆಯುವ ವಿಭಾಗದ ಒಬ್ಬ ನೌಕರಳನ್ನು ನಾಳೆಯಿಂದ ಕೆಲಸದಿಂದ ತೆಗೆಯಲಾಗಿದೆ ಎಂದು ಅದರಲ್ಲಿತ್ತು. ಅತ್ತಿಗೆಯ ಪೂರ್ಣ ಹೆಸರನ್ನು ತಪ್ಪಿಲ್ಲದೆ ಬರೆದಿದ್ದರು.

ಈ ಸಲ ಎಲ್ಲರಿಗೂ ಅರ್ಥವಾಗಿತ್ತು. ಮರುದಿನ ಬೆಳಿಗ್ಗೆ ಏಳಕ್ಕೆ ನೆಲಮಾಳಿಗೆಯ ಯಂತ್ರಗಳು ಶುರುವಾಗಲಿಲ್ಲ.